ಮಹಾಪಧಮನಿ: ಲೆಕ್ಕಕ್ಕೆ ಸಿಗದ ಸಾವುಗಳು

ಮಯ್ಯಿತ್ ಮನೆಗೆ ಹೋದಾಗ ನೀವು ಕೇಳುವ ಮೊದಲ ಪ್ರಶ್ನೆ ‘ಏನಾಗಿತ್ತು?’ ಎಂಬುದು. ಉತ್ತರವೂ ಹೆಚ್ಚಿನ ಸಲ ಒಂದೇ. ‘ಹಾರ್ಟ್ ಅಟ್ಯಾಕ್ ಅಂತೆ. ರಾತ್ರಿ ಎದೆನೋವು ಅಂದರು, ಬೆನ್ನುನೋವು ಅಂದರು, ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.’ ಇನ್ನಾ ಲಿಲ್ಲಾಹಿ ಹೇಳುತ್ತೇವೆ, ಜನಾಝ ನಮಾಝಿನಲ್ಲಿ ಸೇರುತ್ತೇವೆ, ಮೂರು ಹಿಡಿ ಮಣ್ಣು ಹಾಕಿ ಮನೆಗೆ ಮರಳುತ್ತೇವೆ. ಆ ‘ಅಂತೆ’ ಅಲ್ಲಿಯೇ ಉಳಿದುಬಿಡುತ್ತದೆ.

ಅಂಥ ಸಾವುಗಳಲ್ಲಿ ಹೆಚ್ಚಿನವು ನಿಜಕ್ಕೂ ಹೃದಯಾಘಾತವೇ ಇರಬಹುದು. ಆದರೆ ಕೆಲವು ಹೃದಯದ್ದಲ್ಲ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ್ದು. ಅದರ ಹೆಸರು ಮಹಾಪಧಮನಿ. ಆಸ್ಪತ್ರೆಯಲ್ಲಿ ‘ಅಯೋರ್ಟಾ’ ಎನ್ನುತ್ತಾರೆ. ಅರಬಿ ವೈದ್ಯರು ‘ಅಬ್‌ಹರ್’ ಎಂದರು. ಪವಿತ್ರ ಕುರ್‌ಆನಿನ ಅಲ್ ಹಾಕ್ಕಃ ಸೂರಃದಲ್ಲಿ ‘ವತೀನ್’ ಎಂಬ ಪದ ಬರುತ್ತದೆ. ಅದು ಹೃದಯಕ್ಕೆ ಸೇರಿದ, ಕಡಿದುಹೋದರೆ ಮನುಷ್ಯ ಬದುಕಿ ಉಳಿಯದ ನಾಳ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಈ ನಾಳ ಹೃದಯದ ಎಡಭಾಗದಿಂದ ಹೊರಟು ಮೇಲೇರುತ್ತದೆ, ಕೊಡೆಯ ಹಿಡಿಯಂತೆ ಬಾಗಿ ಬೆನ್ನುಮೂಳೆಯ ಮುಂದಿನಿಂದ ಕೆಳಗಿಳಿಯುತ್ತದೆ, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆದು ಎರಡು ಕಾಲಿಗೂ ಹೋಗುತ್ತದೆ. ನೀವು ಸುಮ್ಮನೆ ಕುಳಿತಿದ್ದರೂ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಇದರೊಳಗೆ ಹಾಯುತ್ತದೆ. ಹೃದಯದ ಪ್ರತಿಯೊಂದು ಬಡಿತದ ಪೆಟ್ಟು ಮೊದಲು ಬೀಳುವುದು ಇದರ ಗೋಡೆಗೆ. ದಿನಕ್ಕೆ ಸುಮಾರು ಒಂದು ಲಕ್ಷ ಪೆಟ್ಟು.

ಗೋಡೆ ಕೆಡುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಹಳೆಯ ಸೈಕಲ್ ಟ್ಯೂಬ್ ಒಂದು ಕಡೆ ಬಲ ಕುಂದಿ ಗುಳ್ಳೆಯಾಗಿ ಉಬ್ಬುತ್ತದಲ್ಲ, ಮಹಾಪಧಮನಿಯೂ ಹಾಗೆ ಉಬ್ಬಬಹುದು. ಇದು ಅನ್ಯೂರಿಸಂ. ಹೊಟ್ಟೆಯೊಳಗಿನ ಭಾಗದ ಸಹಜ ಅಗಲ ಸುಮಾರು 2 ಸೆಂಟಿಮೀಟರ್. ಅದು 3 ದಾಟಿದರೆ ಅನ್ಯೂರಿಸಂ ಎನ್ನುತ್ತಾರೆ. ವರ್ಷಗಟ್ಟಲೆ ಯಾವ ನೋವೂ ಇರುವುದಿಲ್ಲ, ಒಂದು ದಿನ ಒಡೆಯುತ್ತದೆ. ಎರಡನೆಯದು ಡಿಸೆಕ್ಷನ್. ಶೇರ್ವಾನಿಯ ಒಳಗಿನ ಅಸ್ತರು ಹರಿದಿದ್ದರೆ ಕೈ ತೋಳಿನೊಳಗೆ ಹೋಗುವ ಬದಲು ಬಟ್ಟೆಗೂ ಅಸ್ತರಿಗೂ ನಡುವೆ ನುಗ್ಗುತ್ತದೆ. ನಾಳದ ಒಳಪದರ ಹರಿದಾಗ ರಕ್ತವೂ ಹಾಗೆಯೇ ಪದರಗಳ ನಡುವೆ ನುಗ್ಗಿ, ಬಡಿತ ಬಡಿತಕ್ಕೂ ಸೀಳುತ್ತಾ ಹೋಗುತ್ತದೆ. ಹೃದಯಕ್ಕೆ ಹತ್ತಿರದ ಭಾಗದಲ್ಲಿ ಹೀಗಾದರೆ, ಚಿಕಿತ್ಸೆ ಸಿಗದ ಮೊದಲ ಎರಡು ದಿನಗಳಲ್ಲಿ ಗಂಟೆ ಗಂಟೆಗೂ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಾ ಹೋಗುತ್ತಾರೆ ಎಂಬುದು ವೈದ್ಯಲೋಕದ ಬಹುಕಾಲದ ಲೆಕ್ಕ. ಭಟ್ಕಳದಿಂದ ಮಂಗಳೂರಿಗೆ ಮೂರು ತಾಸಿನ ದಾರಿ. ನೀವೇ ಎಣಿಸಿ ನೋಡಿ.

ಶ್ರೀಮಂತರ ಕಾಯಿಲೆಯೇ?

ಮಹಾಪಧಮನಿಯ ಕಾಯಿಲೆಯಿಂದ ಸಾಯುವವರ ಅಂತಾರಾಷ್ಟ್ರೀಯ ಅಂಕಿಅಂಶ ನೋಡಿದರೆ ಮೊದಲು ಅಚ್ಚರಿಯಾಗುತ್ತದೆ. 2010ರ ಲೆಕ್ಕದಂತೆ ಜಗತ್ತಿನಲ್ಲಿ ಲಕ್ಷ ಜನರಿಗೆ ಮೂರಕ್ಕಿಂತ ಸ್ವಲ್ಪ ಕಡಿಮೆ ಸಾವು. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಎಂಟಕ್ಕಿಂತ ಹೆಚ್ಚು, ಪಶ್ಚಿಮ ಯುರೋಪಿನಲ್ಲಿ ಏಳಕ್ಕಿಂತ ಹೆಚ್ಚು. ಹಣವುಳ್ಳ, ಆಸ್ಪತ್ರೆಗಳುಳ್ಳ ದೇಶಗಳಲ್ಲೇ ಹೆಚ್ಚು ಸಾವು! ಹಾಗಾದರೆ ಇದು ಶ್ರೀಮಂತರ ಕಾಯಿಲೆ, ನಮಗೇಕೆ ಚಿಂತೆ ಎಂದು ನೀವು ಕೇಳಬಹುದು.

ಇದರಲ್ಲಿ ಅರ್ಧ ನಿಜವಿದೆ. ಅಲ್ಲಿ ಮುದುಕರ ಸಂಖ್ಯೆ ಹೆಚ್ಚು, ಅನ್ಯೂರಿಸಂ ವಯಸ್ಸಾದವರ ಕಾಯಿಲೆ. ಅಲ್ಲಿಯ ಗಂಡಸರು ಕಳೆದ ಶತಮಾನದಲ್ಲಿ ವಿಪರೀತ ಸಿಗರೇಟು ಸೇದಿದರು. ಹೊಟ್ಟೆಯ ಅನ್ಯೂರಿಸಂಗೆ ಧೂಮಪಾನದಷ್ಟು ದೊಡ್ಡ ಕಾರಣ ಬೇರೊಂದಿಲ್ಲ. ಉಳಿದರ್ಧ ಬೇರೆಯೇ ಕಥೆ. ಅಲ್ಲಿ ಸಾವಿನ ಕಾರಣ ಹುಡುಕುತ್ತಾರೆ, ಬರೆದಿಡುತ್ತಾರೆ. ನಮ್ಮಲ್ಲಿ ಏನಾಗುತ್ತದೆ? ಭಾರತ ಸರ್ಕಾರದ್ದೇ 2020ರ ವರದಿ ಪ್ರಕಾರ, ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ನೂರಕ್ಕೆ 22.5 ಮಾತ್ರ. ಉಳಿದವರು ಯಾವುದರಿಂದ ಸತ್ತರು ಎಂಬುದಕ್ಕೆ ವೈದ್ಯರ ಬರಹವಿಲ್ಲ. ಪ್ರಮಾಣೀಕೃತ ಸಾವುಗಳಲ್ಲೂ ಮೂರನೇ ಎರಡು ಭಾಗಕ್ಕೆ ಹತ್ತಿರ ಗಂಡಸರದ್ದೇ. ಹೆಂಗಸು ಮನೆಯಲ್ಲೇ ಸಾಯುತ್ತಾಳೆ, ‘ವಯಸ್ಸಾಗಿತ್ತು’ ಎಂದು ಮುಗಿಯುತ್ತದೆ.

ಮಹಾಪಧಮನಿಯ ಸೀಳು ಹೊರಗಿನಿಂದ ಕಾಣುವುದಿಲ್ಲ, ಇಸಿಜಿಯಲ್ಲೂ ಖಚಿತವಾಗಿ ತಿಳಿಯುವುದಿಲ್ಲ. ಔಷಧಿ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್ ಬೇಕು, ಇಲ್ಲವೇ ಮರಣೋತ್ತರ ಪರೀಕ್ಷೆ ಬೇಕು. ಬಡ ದೇಶದಲ್ಲಿ ಮೊದಲನೆಯದು ದೂರದ ಮಾತು. ಎರಡನೆಯದನ್ನು ನಾವು ಬಯಸುವುದೂ ಇಲ್ಲ. ಮಯ್ಯಿತನ್ನು ಬೇಗ ದಫನ ಮಾಡುವುದು ನಮ್ಮ ದೀನಿನ ರೀತಿ, ಅದರಲ್ಲಿ ತಪ್ಪಿಲ್ಲ. ಆದರೆ ಹೀಗೆ ಕಾರಣ ತಿಳಿಯದೆ ಹೋದ ಸಾವನ್ನು ‘ನಮ್ಮಲ್ಲಿ ಆ ಕಾಯಿಲೆ ಇಲ್ಲ’ ಎಂದು ಓದಿಕೊಳ್ಳಬಾರದು. ದೀಪ ಹಚ್ಚದ ಕೋಣೆಯಲ್ಲಿ ಹಾವು ಕಾಣಲಿಲ್ಲ ಎಂದರೆ ಹಾವಿಲ್ಲ ಎಂದಲ್ಲ.

ಹಣವಿರುವ ದೇಶಗಳಲ್ಲಿ ಏನು ಬದಲಾಯಿತು ಎಂಬುದಕ್ಕೆ ಇಬ್ಬರ ಬದುಕನ್ನು ನೋಡಿ. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯ ಮಹಾಪಧಮನಿಯಲ್ಲಿ ದೊಡ್ಡ ಉಬ್ಬಿತ್ತು. 1948ರಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಅದರ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಅಂದಿಗೆ ಇದ್ದ ಉಪಾಯ ಅಷ್ಟೇ. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಮತ್ತೊಂದು ಶಸ್ತ್ರಚಿಕಿತ್ಸೆ ಬೇಡವೆಂದ ಅವರು 76ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಬ್ಬರು ಅಮೆರಿಕದ ಮೈಕೆಲ್ ಡಿಬೇಕಿ, ಇದೇ ನಾಳದ ಶಸ್ತ್ರಚಿಕಿತ್ಸೆಗೆ ದಾರಿ ಹಾಕಿಕೊಟ್ಟವರು, ಲೆಬನಾನಿನಿಂದ ಹೋದ ಕ್ರೈಸ್ತ ಕುಟುಂಬದ ಮಗ. 2005ರ ಕೊನೆಯ ದಿನ ಅವರಿಗೇ ಡಿಸೆಕ್ಷನ್ ಆಯಿತು. 97ನೇ ವಯಸ್ಸಿನಲ್ಲಿ ಅವರ ಶಿಷ್ಯರೇ ಶಸ್ತ್ರಚಿಕಿತ್ಸೆ ಮಾಡಿದರು. ಗುಣವಾಗಿ ಎರಡು ವರ್ಷಕ್ಕೂ ಹೆಚ್ಚು ಬದುಕಿದರು. ನಡುವಿನ ಐವತ್ತು ವರ್ಷಗಳಲ್ಲಿ ಸಿಟಿ ಸ್ಕ್ಯಾನ್ ಬಂತು, ರಕ್ತದೊತ್ತಡಕ್ಕೆ ಒಳ್ಳೆಯ ಮಾತ್ರೆಗಳು ಬಂದವು. ತೊಡೆಯ ಸಂದಿನ ನಾಳದಿಂದ ಒಳಗೆ ಕೊಳವೆ ಕೂರಿಸುವ ವಿಧಾನವನ್ನು 1990ರಲ್ಲಿ ಅರ್ಜೆಂಟೀನಾದ ಹ್ವಾನ್ ಪರೋದಿ ಹೊಟ್ಟೆಯ ಅನ್ಯೂರಿಸಂಗೆ ಬಳಸಿದರು.

ಆದರೆ ಇದೆಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಸಿಗರೇಟು ಬಿಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ 65 ತುಂಬಿದ ಪ್ರತಿ ಗಂಡಸಿಗೂ ಹೊಟ್ಟೆಯ ಅಲ್ಟ್ರಾಸೌಂಡ್ ಉಚಿತ. 1990ರ ದಶಕದ ಕೊನೆಗೆ ಅಲ್ಲಿ 65ರಿಂದ 74 ವಯಸ್ಸಿನ ಗಂಡಸರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಐವರಿಗೆ ಅನ್ಯೂರಿಸಂ ಸಿಕ್ಕಿತ್ತು. ಈಗ 65ರ ಗಂಡಸರಲ್ಲಿ ನೂರಕ್ಕೆ ಒಬ್ಬರ ಆಸುಪಾಸು. ಯಂತ್ರ ಕಾಯಿಲೆಯನ್ನು ಕಂಡುಹಿಡಿಯುತ್ತದೆ, ತಡೆಯುವುದಿಲ್ಲ. ಹೀಗೆ ಶ್ರೀಮಂತ ದೇಶಗಳಲ್ಲಿ ಈ ಸಾವಿನ ದರ ಇಳಿಯುತ್ತಿದೆ. ಮಧ್ಯಮ ಮತ್ತು ಕಡಿಮೆ ಆದಾಯದ ಹಲವು ದೇಶಗಳಲ್ಲಿ ಏರುತ್ತಿದೆ. ಜಗತ್ತಿನಲ್ಲಿ ಅನ್ಯೂರಿಸಂನಿಂದ ಸತ್ತವರು 1990ರಲ್ಲಿ ಸುಮಾರು 95 ಸಾವಿರ ಎಂದು ಅಂದಾಜು, 2019ರಲ್ಲಿ 1 ಲಕ್ಷ 70 ಸಾವಿರಕ್ಕೂ ಹೆಚ್ಚು. ನಮ್ಮಲ್ಲೂ ಜನ ಈಗ ಹೆಚ್ಚು ವರ್ಷ ಬದುಕುತ್ತಿದ್ದಾರೆ. 2016-17ರ ಸಮೀಕ್ಷೆಯಂತೆ ಭಾರತದ ನೂರು ಗಂಡಸರಲ್ಲಿ 19 ಮಂದಿ ಸೇದುತ್ತಾರೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಸಮುದಾಯದಲ್ಲಿ ಸಾಕಷ್ಟಿದ್ದಾರೆ. ಅದೇ ಬೀಡಿ ಅವರ ಗಂಡಂದಿರ ಜೇಬಿನಲ್ಲೂ ಇತ್ತು.

ಹೆಂಗಸಿನ ಲೆಕ್ಕ ಬೇರೆ

ಈಗ ಹೆಂಗಸರ ವಿಷಯಕ್ಕೆ ಬರೋಣ. ಹೊಟ್ಟೆಯ ಅನ್ಯೂರಿಸಂ ಗಂಡಸರಲ್ಲಿ ಹೆಂಗಸರಿಗಿಂತ ನಾಲ್ಕರಿಂದ ಆರು ಪಟ್ಟು ಹೆಚ್ಚು. ಆದ್ದರಿಂದಲೇ ಬ್ರಿಟನ್ನಿನ ಉಚಿತ ಸ್ಕ್ಯಾನ್ ಗಂಡಸರಿಗೆ ಮಾತ್ರ. ಆದರೆ ಹೆಂಗಸಿಗೆ ಈ ಕಾಯಿಲೆ ಬಂದರೆ ಅದು ಗಂಡಸಿಗಿಂತ ಕಠೋರವಾಗಿ ವರ್ತಿಸುತ್ತದೆ. ಒಂದೇ ಅಳತೆಯ ಉಬ್ಬು ಇಬ್ಬರಲ್ಲೂ ಇದ್ದರೆ ಹೆಂಗಸಿನಲ್ಲಿ ಒಡೆಯುವ ಸಂಭವ ಮೂರ್ನಾಲ್ಕು ಪಟ್ಟು. ಕಾರಣ ಊಹಿಸುವುದು ಕಷ್ಟವಲ್ಲ. ಅವಳ ನಾಳವೇ ಸಣ್ಣದು, ಅದು ಐದು ಸೆಂಟಿಮೀಟರಿಗೆ ಉಬ್ಬುವಾಗ ಗೋಡೆ ಗಂಡಸಿನದಕ್ಕಿಂತ ಹೆಚ್ಚು ಹಿಗ್ಗಿರುತ್ತದೆ. ಗಂಡಸರಿಗೆ 5.5 ಸೆಂಟಿಮೀಟರಿಗೆ ಶಸ್ತ್ರಚಿಕಿತ್ಸೆ ಎಂಬ ಗೆರೆ ಎಳೆದದ್ದು ಬಹುತೇಕ ಗಂಡಸರನ್ನೇ ಪರೀಕ್ಷಿಸಿ. ಹೆಂಗಸರಿಗೆ 5 ಸೆಂಟಿಮೀಟರಿಗೇ ಯೋಚಿಸಬೇಕು ಎನ್ನುವುದು ಈಗಿನ ಸಲಹೆ. ಒಳಗೆ ಕೂರಿಸುವ ಕೊಳವೆಯೂ ಅವಳ ಸಣ್ಣ ನಾಳಗಳಲ್ಲಿ ಸಾಗಿಸುವುದು ಕಷ್ಟ.

ಡಿಸೆಕ್ಷನ್‌ನಲ್ಲಿ ಇನ್ನೂ ಸ್ಪಷ್ಟ. 1996ರಿಂದ ಹಲವು ದೇಶಗಳ ದೊಡ್ಡ ಆಸ್ಪತ್ರೆಗಳು ಸೇರಿ ಈ ರೋಗಿಗಳ ದಾಖಲೆ ಇಡುತ್ತಿವೆ. 2004ರಲ್ಲಿ ಪ್ರಕಟವಾದ 1078 ರೋಗಿಗಳ ಲೆಕ್ಕದಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅವರ ಸರಾಸರಿ ವಯಸ್ಸು 67, ಗಂಡಸರದ್ದು 60. ಹೆಂಗಸರು ಆಸ್ಪತ್ರೆಗೆ ತಡವಾಗಿ ಬಂದಿದ್ದರು, ಬಂದ ಮೇಲೂ ಕಾಯಿಲೆ ಪತ್ತೆಯಾಗಲು ತಡವಾಗಿತ್ತು. ಆಸ್ಪತ್ರೆಯಲ್ಲಿ ಗಂಡಸರು ನೂರರಲ್ಲಿ 21 ಮಂದಿ ಸತ್ತರೆ ಹೆಂಗಸರು 30 ಮಂದಿ. ಗಮನಿಸಿ, ಇವು ಅಮೆರಿಕ, ಯುರೋಪಿನಂಥ ಕಡೆಯ ಹೆಸರುವಾಸಿ ಆಸ್ಪತ್ರೆಗಳು. ದೇಶ ಶ್ರೀಮಂತವಾದ ಮಾತ್ರಕ್ಕೆ ಹೆಂಗಸಿನ ನೋವು ಬೇಗ ಕೇಳಿಸುವುದಿಲ್ಲ.

ಹಾಗಿದ್ದರೆ ನಮ್ಮ ಮನೆಗಳಲ್ಲಿ? ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಬೆನ್ನು ಸೀಳಿದಂತಾಗುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು, ಬೆಳಿಗ್ಗೆ ನೋಡೋಣ’ ಎಂದು ಅವಳೇ ಹೇಳುತ್ತಾಳೆ. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇರುತ್ತಾನೆ. ಸೊಸೆ ಗಂಡನಿಗೆ ಫೋನ್ ಮಾಡುತ್ತಾಳೆ, ಅವನು ಮೈದುನನಿಗೆ ಹೇಳುತ್ತಾನೆ, ಮೈದುನ ಗಾಡಿ ಹುಡುಕುತ್ತಾನೆ. ಅಷ್ಟರಲ್ಲಿ ಫಜ್ರ್ ಆಗಿರುತ್ತದೆ. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದಾರೆಯೇ ಎಂದು ವಿಚಾರಿಸಿ ಹೊರಡುವವರನ್ನೂ ನಾನು ಕಂಡಿದ್ದೇನೆ. ಪ್ರಾಣಾಪಾಯದ ಹೊತ್ತಿನಲ್ಲಿ ಸಿಕ್ಕ ವೈದ್ಯರಿಂದ ಚಿಕಿತ್ಸೆ ಪಡೆಯಲು ಶರೀಅತ್‌ನಲ್ಲಿ ವಿನಾಯಿತಿ ಇದೆ ಎಂಬುದನ್ನು ನಿಮ್ಮ ಮಸೀದಿಯ ಉಸ್ತಾದರನ್ನೇ ಕೇಳಿ ತಿಳಿದುಕೊಳ್ಳಿ, ನೋವು ಬರುವ ಮೊದಲೇ.

ಗರ್ಭಿಣಿಯರ ಬಗ್ಗೆ ಒಂದು ಮಾತು. ಹುಟ್ಟಿನಿಂದಲೇ ನಾಳದ ಗೋಡೆ ಬಲಹೀನವಾಗಿರುವ ಮಾರ್ಫನ್ ಎಂಬ ವಂಶಪಾರಂಪರ್ಯ ಸ್ಥಿತಿ ಇದೆ. ಅಸಾಮಾನ್ಯ ಎತ್ತರ, ಉದ್ದುದ್ದ ಕೈಕಾಲು ಬೆರಳು, ಕಣ್ಣಿನ ಮಸೂರ ಜಾರುವುದು ಇದರ ಗುರುತುಗಳು. ಅಂಥ ಹೆಣ್ಣುಮಕ್ಕಳಿಗೆ ಗರ್ಭದ ಕೊನೆಯ ಮೂರು ತಿಂಗಳು ಮತ್ತು ಬಾಣಂತನದ ಮೊದಲ ವಾರಗಳಲ್ಲಿ ಡಿಸೆಕ್ಷನ್ ಭಯ ಹೆಚ್ಚು. ಮದುವೆಗೆ ಮುಂಚೆ, ಅದಾಗದಿದ್ದರೆ ಗರ್ಭ ಧರಿಸುವ ಮುಂಚೆಯಾದರೂ ಎಕೋ ಮಾಡಿಸಬೇಕು.

ನಾಡಿ ಸಿಗದ ಕೈ

ಯುವತಿಯರನ್ನೇ ಹುಡುಕಿಕೊಂಡು ಬರುವ ಮಹಾಪಧಮನಿಯ ಕಾಯಿಲೆಯೂ ಒಂದಿದೆ, ಭಾರತ ಮತ್ತು ಏಷ್ಯಾದ ಇತರ ದೇಶಗಳಲ್ಲಿ ಪಶ್ಚಿಮಕ್ಕಿಂತ ಹೆಚ್ಚು ಕಾಣುವಂಥದ್ದು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ತಕಯಾಸು ಒಬ್ಬ ಯುವತಿಯ ಕಣ್ಣಿನೊಳಗಿನ ರಕ್ತನಾಳಗಳು ವಿಚಿತ್ರವಾಗಿ ಸುತ್ತಿಕೊಂಡಿರುವುದನ್ನು ವಿವರಿಸಿದರು. ಇಂಥ ಕೆಲವು ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲ ಎಂದು ಇತರ ವೈದ್ಯರು ಸೇರಿಸಿದರು. ಮಹಾಪಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪವಾಗಿ ದಾರಿ ಕಟ್ಟುತ್ತದೆ. ನಲವತ್ತರ ಒಳಗಿನ ಹೆಂಗಸರಲ್ಲಿ ಹೆಚ್ಚು.

ಕೆಲವು ವರ್ಷಗಳ ಹಿಂದೆ ಇಪ್ಪತ್ತಾರರ ಒಬ್ಬ ತಂಗಿ ನನ್ನ ದವಾಖಾನೆಗೆ ಬಂದಳು. ಸುಸ್ತು, ಆಗಾಗ ಸಣ್ಣ ಜ್ವರ, ಬಟ್ಟೆ ಒಗೆಯುವಾಗ ಎಡಗೈ ಸೋತು ನೋಯುತ್ತದೆ ಎಂದಳು. ಬಲಗೈಯ ನಬ್ಜ್ ನೋಡಿದೆ, ರಕ್ತ ಕಡಿಮೆ ಎಂದುಕೊಂಡು ಕಬ್ಬಿಣಾಂಶದ ಶರಬತ್ತು ಕೊಟ್ಟು ಕಳಿಸಿದೆ. ಮೂರು ವಾರದ ಮೇಲೆ ಅವಳ ಅತ್ತೆ ಮತ್ತೆ ಕರೆದುಕೊಂಡು ಬಂದರು, ‘ಹಕೀಮ್ ಸಾಹೇಬರೇ, ಇವಳಿಗೆ ತಲೆಸುತ್ತು ಬೇರೆ ಶುರುವಾಗಿದೆ’ ಎಂದು. ಅಂದು ಎಡಗೈ ಹಿಡಿದೆ. ನಾಡಿ ಇರಲಿಲ್ಲ. ಬೆರಳು ಬದಲಿಸಿ ಹುಡುಕಿದೆ, ಇರಲಿಲ್ಲ. ಎರಡೂ ಕೈ ನೋಡಬೇಕೆಂದು ಕಾಲೇಜಿನಲ್ಲಿ ಕಲಿತ ನಾನು ಮೊದಲ ದಿನ ಒಂದೇ ಕೈ ನೋಡಿ ಬಿಟ್ಟಿದ್ದೆ. ಬೆಂಗಳೂರಿಗೆ ಕಳಿಸಿದೆ, ಸ್ಕ್ಯಾನಿನಲ್ಲಿ ತಕಯಾಸು ಎಂದು ಖಚಿತವಾಯಿತು. ಈಗ ಮಾತ್ರೆಗಳಲ್ಲಿ ನೆಮ್ಮದಿಯಾಗಿದ್ದಾಳೆ, ಅಲ್ಹಮ್ದುಲಿಲ್ಲಾಹ್. ಆ ಮೂರು ವಾರ ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಇದರಿಂದ ನಿಮಗೆ ಬೇಕಾದ್ದು ಇಷ್ಟು: ವರ್ಷಕ್ಕೊಮ್ಮೆಯಾದರೂ ಬಿಪಿಯನ್ನು ಎರಡೂ ತೋಳಿನಲ್ಲಿ ನೋಡಿಸಿ. ದಾರಿ ಕಟ್ಟಿದ ಕೈಯಲ್ಲಿ ಬಿಪಿ ಕಡಿಮೆ ತೋರಿ ಮೋಸ ಮಾಡುತ್ತದೆ. ಎರಡು ತೋಳುಗಳ ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸುಮ್ಮನಿರಬೇಡಿ.

ಯುನಾನಿ ವೈದ್ಯನಾಗಿ ಒಂದು ಮಾತು ನೇರವಾಗಿ ಹೇಳಬೇಕು. ರಕ್ತದೊತ್ತಡಕ್ಕೆ ನಮ್ಮ ಹಕೀಮರು ಅಸ್ರೋಲ್, ಅಂದರೆ ಸರ್ಪಗಂಧದ ಬೇರನ್ನು ಬಳಸಿದ್ದಾರೆ. ಅದೇ ಬೇರಿನಿಂದ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿಯವರು ಸತ್ವವೊಂದನ್ನು ಬೇರ್ಪಡಿಸಿ ಹಕೀಮ್ ಅಜ್ಮಲ್ ಖಾನರ ಹೆಸರಿನಿಂದ ‘ಅಜ್ಮಲೀನ್’ ಎಂದು ಕರೆದರು. ಇದು ನಮಗೆ ಹೆಮ್ಮೆ. ಆದರೆ ಹರಿದ ಮಹಾಪಧಮನಿಗೆ ನನ್ನ ಬಳಿ ಯಾವ ಮಾಜೂನೂ ಇಲ್ಲ, ಯಾವ ಹಕೀಮರ ಬಳಿಯೂ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಬಿಪಿ ಮಾತ್ರೆ ಬಿಟ್ಟು ಹೆಸರಿಲ್ಲದ ಪುಡಿ ತಿನ್ನುವವರಿಗೂ ಇದೇ ಮಾತು. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಬಿಪಿ ಇನ್ನೂ ಏರುತ್ತದೆ.

ಇದ್ದಕ್ಕಿದ್ದಂತೆ, ಮೊದಲ ಕ್ಷಣದಲ್ಲೇ ತಾಳಲಾರದಷ್ಟು ಜೋರಾಗಿ, ಎದೆಯಲ್ಲೋ ಎರಡು ಹೆಗಲೆಲುಬುಗಳ ನಡುವೆಯೋ ಸೀಳಿದಂಥ ನೋವು ಬಂದು, ಅದು ಬೆನ್ನಿಗೆ ಹೊಟ್ಟೆಗೆ ಇಳಿಯುತ್ತಿದ್ದರೆ, ಜೊತೆಗೆ ಬೆವರು, ಪ್ರಜ್ಞೆ ತಪ್ಪುವುದು, ಒಂದು ಕೈ ಅಥವಾ ಕಾಲು ತಣ್ಣಗಾಗಿ ಬಲ ಕಳೆದುಕೊಳ್ಳುವುದು ಇದ್ದರೆ 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ ನೋವು ಹೀಗೆ ಪಾಠದಂತೆ ಬರದೆಯೂ ಇರಬಹುದು. ಎಂದೂ ನೋವು ಎನ್ನದವಳು ಒಂದು ರಾತ್ರಿ ತಾಳಲಾಗದೆ ನರಳಿದರೆ ಅಷ್ಟೇ ಸಾಕು. ಆಸ್ಪತ್ರೆಯಲ್ಲಿ ಬಿಪಿಯ ಇತಿಹಾಸ, ಮನೆಯಲ್ಲಿ ಹಿಂದೆ ಆಗಿರುವ ಹಠಾತ್ ಸಾವುಗಳು, ಎಲ್ಲವನ್ನೂ ಹೇಳಿ. ‘ಇದು ಮಹಾಪಧಮನಿಯದ್ದಾಗಿರಬಹುದೇ, ಸಿಟಿ ಬೇಕೇ’ ಎಂದು ವಿನಯದಿಂದ ಕೇಳಿ. ಹೃದಯಾಘಾತಕ್ಕೆ ಕೊಡುವ ಹೆಪ್ಪು ಕರಗಿಸುವ ಚುಚ್ಚುಮದ್ದು ಡಿಸೆಕ್ಷನ್ ಇರುವವರಿಗೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಈ ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಹಾಗೆಂದು ಹೃದಯಾಘಾತದ ಚಿಕಿತ್ಸೆಗೆ ಅಡ್ಡಿ ಮಾಡಬೇಡಿ. ಅದೇ ಹೆಚ್ಚು ಸಾಮಾನ್ಯ, ತೀರ್ಮಾನ ವೈದ್ಯರದ್ದು.

ಖರ್ಚಿನ ಭಯದಿಂದ ಹೊರಡದೆ ಕೂರಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಗಳಲ್ಲೂ ಇದೆ.

ಬಿಪಿ ಮಾತ್ರೆ ನುಂಗುವವರು ರಮಝಾನಿನಲ್ಲಿ ಅದನ್ನು ನಿಲ್ಲಿಸಬೇಡಿ. ಸಹ್ರಿ, ಇಫ್ತಾರ್ ಹೊತ್ತಿಗೆ ಹೊಂದಿಸಿಕೊಡಲು ವೈದ್ಯರಿಗೆ ತಿಂಗಳ ಮುಂಚೆಯೇ ಹೇಳಿ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಮಾತ್ರೆಗಳನ್ನು ಮೆಡಿಕಲ್ ಅಂಗಡಿಯಿಂದ ನೀವೇ ತಂದು ನುಂಗುವ ಅಭ್ಯಾಸವಿದ್ದರೆ ಬಿಡಿ. ಅನ್ಯೂರಿಸಂ ಇರುವವರಲ್ಲಿ, ಅದರ ಸಂಭವ ಹೆಚ್ಚಿರುವವರಲ್ಲಿ ಇವು ಮಹಾಪಧಮನಿಗೆ ಅಪಾಯ ತರಬಹುದೆಂದು 2018ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿದೆ.

ಇನ್ನು ಆ ‘ಅಂತೆ’ಯ ವಿಷಯ. ಮನೆಯವರು ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. 2023ರ ತಿದ್ದುಪಡಿಯಿಂದ ಅದು ಹತ್ತಿರದ ಸಂಬಂಧಿಗೆ ಸಿಗಬೇಕಾದ ದಾಖಲೆ. ಮನೆಯಲ್ಲಿ ತೀರಿಕೊಂಡರೆ, ಕೊನೆಯ ಕಾಯಿಲೆಗೆ ಚಿಕಿತ್ಸೆ ಮಾಡಿದ ವೈದ್ಯರು ನಮೂನೆ 4ಎ ತುಂಬಿ ಕೊಡಬಹುದು. ದಫನಕ್ಕೆ ಇದರಿಂದ ತಡವಾಗುವುದಿಲ್ಲ. ಕಾರಣದ ಜಾಗದಲ್ಲಿ ಮಹಾಪಧಮನಿಯ ಹೆಸರಿದ್ದರೆ ಅದು ಸತ್ತವರಿಗಲ್ಲ, ನಿಮಗೆ ಬೇಕಾದ ಸುದ್ದಿ. ಸತ್ತವರ ಒಡಹುಟ್ಟಿದವರು, ಮಕ್ಕಳು, ಹೆಣ್ಣುಮಕ್ಕಳೂ ಸೇರಿ ಎಲ್ಲರೂ, ಎದೆಯ ಎಕೋ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಬೀಡಿ ಸಿಗರೇಟು ಸೇದಿದ, 65 ದಾಟಿದ ಗಂಡಸರೂ ಅಷ್ಟೇ. ಹೊಟ್ಟೆಯ ಸ್ಕ್ಯಾನಿಂಗಿಗೆ ಆರು ಗಂಟೆ ಏನೂ ತಿನ್ನದೆ ಹೋಗಬೇಕಾಗುತ್ತದೆ. ಉಪವಾಸವಿರುವ ದಿನವೇ ಅಸರಿಗೆ ಮುಂಚೆ ಹೋಗಿಬಂದರೆ ಆಯಿತು.